ಒಂದೇ ಬದಿಯ ಬೆಂಚು

ಕಾಯಿಲೆ ಏನೆಂದು ಖಚಿತವಾದ ಮೇಲೆ ನನ್ನ ಗೆಳತಿ ನನ್ನಿಂದ ಕೇಳಿದ್ದು ಒಂದೇ ಒಂದು. ನಮ್ಮ ಕಚೇರಿಯ ಬೆಂಚಿನ ಮೇಲೆ ನಾನು ಅವಳ ಪಕ್ಕದಲ್ಲಿ ಒಂದು ಸಲ ಕೂರಬೇಕು. ಜೊತೆಯಾಗಿ ಅಂಗಡಿ ನಡೆಸುತ್ತಿದ್ದ ಇಬ್ಬರು ಇನ್ನು ಬೇರೆಯಾಗೋಣ ಎಂದು ತೀರ್ಮಾನಿಸಿದಾಗ ಬಂದು ಕೂರುತ್ತಿದ್ದ ಬೆಂಚು ಅದು. ಅಂಥವರನ್ನು ಬೇರೆ ಮಾಡಿಕೊಡುವುದೇ ನಮ್ಮ ಕಸುಬು. ನಾನು ಕೂರುವುದಿಲ್ಲ ಎಂದೆ. ಅವಳು ಪಟ್ಟು ಬಿಡಲಿಲ್ಲ.

ಅವಳು ತೀರಿಕೊಂಡು ಕೆಲವು ತಿಂಗಳಾದವು. ಅವಳ ಬಗ್ಗೆ ಬರೆಯಲು ಕೂತಾಗಲೆಲ್ಲ ಮೊದಲು ಕಣ್ಣ ಮುಂದೆ ಬರುವುದು ಅವಳ ಮುಖವಲ್ಲ, ಆ ಬೆಂಚು. ಅಲ್ಲಿಂದಲೇ ಶುರು ಮಾಡುತ್ತೇನೆ.

ನಾವಿಬ್ಬರೂ ನೆಲಕ್ಕೆ ಹಾಸುವ ಟೈಲ್ಸ್ ಮಾರುವ ಕಂಪನಿಯೊಂದರಲ್ಲಿ ಇದ್ದವರು. ನಾನು ಒಳಗೆ ಕೂತು ಆರ್ಡರು ನೋಡಿಕೊಳ್ಳುತ್ತಿದ್ದೆ. ಅವಳು ಅಂಗಡಿ ಅಂಗಡಿ ತಿರುಗಿ ಮಾರುವವರ ದೂರು ಕೇಳಿಕೊಂಡು ಬರುತ್ತಿದ್ದಳು. ಕಂಪನಿ ನಮ್ಮ ಊರಿನ ಕಚೇರಿಯನ್ನು ಮುಚ್ಚಿದ ದಿನ ಎಲ್ಲರೂ ಮುಖ ಸಪ್ಪೆ ಮಾಡಿಕೊಂಡು ಸಾಮಾನು ಕಟ್ಟುತ್ತಿದ್ದರೆ, ಇವಳು ನನ್ನ ಮೇಜಿನ ತುದಿಯಲ್ಲಿ ಕೂತು ಕಾಲು ಆಡಿಸುತ್ತಾ, "ಇಷ್ಟು ವರ್ಷ ಅಂಗಡಿಯವರ ಗೋಳನ್ನ ಬಿಟ್ಟಿ ಕೇಳಿದ್ದಾಯ್ತು. ಇನ್ಮೇಲೆ ಫೀಸ್ ತಗೊಂಡು ಕೇಳೋಣ ಕಣೇ" ಅಂದಳು. ನಾನು ತಮಾಷೆ ಎಂದುಕೊಂಡೆ. ಮರುವಾರ ಬಣ್ಣದ ಅಂಗಡಿಯ ಮೇಲಿನ ಕೋಣೆಯ ಬೀಗದ ಕೈ ತಂದು ನನ್ನ ಮುಂದೆ ಅಲ್ಲಾಡಿಸಿದಳು.

ಅದಕ್ಕೂ ಮೊದಲು ಆ ಕೋಣೆಯಲ್ಲಿ ಹಲ್ಲಿನ ಡಾಕ್ಟರೊಬ್ಬರು ಇದ್ದರು. ಹೋಗುವಾಗ ಅವರು ರೋಗಿಗಳು ಕಾಯುವ ಮರದ ಬೆಂಚೊಂದನ್ನು ಬಿಟ್ಟುಹೋಗಿದ್ದರು. ಮೆಟ್ಟಿಲು ಕಿರಿದು, ಬೆಂಚು ಇಬ್ಬರು ಕೂರುವಷ್ಟೇ ಆದರೂ ದಪ್ಪ ಮರದ್ದು, ಎತ್ತರದ ಬೆನ್ನಿನದು; ಅದನ್ನು ಹೇಗೆ ಮೇಲೆ ತಂದರೆಂಬುದು ಯಾರಿಗೂ ಗೊತ್ತಿರಲಿಲ್ಲ, ಕೆಳಗಿಳಿಸಲು ಯಾರಿಂದಲೂ ಆಗಿರಲಿಲ್ಲ. ನಾವು ಒಂದು ಮೇಜು, ಎರಡು ಹಳೆಯ ಕುರ್ಚಿ, ಒಂದು ಸ್ಟೂಲು ಹಾಕಿಕೊಂಡೆವು. ಹೊರಗೆ "ಎಲ್ಲ ಬಗೆಯ ವ್ಯಾಪಾರಕ್ಕೂ ಸಲಹೆ ನೀಡಲಾಗುವುದು" ಎಂದು ಬೋರ್ಡು ಹಾಕಿಸಿದೆವು.

ಬೋರ್ಡನ್ನು ನೋಡಿ ಮೊದಲು ನಕ್ಕವರು ಅವಳ ಗಂಡ. ಅವರನ್ನು ನಾನು ಭಾವ ಎಂದೇ ಕರೆಯುವುದು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ ಅವರದು. ಮಾತು ಕಮ್ಮಿ, ಆಡಿದರೆ ಚುಚ್ಚುತ್ತದೆ.

"ನಮ್ಮ ಅಂಗಡಿಗೆ ಬಂದು 'ಎಲ್ಲ ಬಗೆಯ ಕನ್ನಡಕ ಕೊಡಿ' ಅಂದ್ರೆ ನಾನೇನ್ ಕೊಡ್ಲಿ? ಒಂದೊಂದು ಕಣ್ಣಿಗೆ ಒಂದೊಂದು ನಂಬರ್ ಇರುತ್ತೆ ತಾಯಿ."

"ಮೊದ್ಲು ನಿಮ್ಮ ಕಣ್ಣಿಗೆ ನಂಬರ್ ಹಾಕಿಸ್ಕೊಳ್ಳಿ, ನಮ್ಮ ಬೋರ್ಡ್ ಆಮೇಲೆ ಓದೋರಂತೆ" ಎಂದು ಇವಳು ಅವರ ಬಾಯಿ ಮುಚ್ಚಿಸಿದಳು.

ಭಾವ ಹೇಳಿದ್ದೇ ಸರಿಯಾಯಿತು. ಶುರುವಿನ ದಿನಗಳಲ್ಲಿ ನಮ್ಮಲ್ಲಿಗೆ ಬಂದವರಲ್ಲಿ ವ್ಯಾಪಾರಿಗಳಿಗಿಂತ ಹಲ್ಲುನೋವಿನವರೇ ಹೆಚ್ಚು. ಕೆನ್ನೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದು ಬೆಂಚಿನ ಮೇಲೆ ಕೂರುವರು. ಡಾಕ್ಟರು ಇಲ್ಲ ಎಂದರೆ ನಮ್ಮನ್ನೇ ದುರುಗುಟ್ಟಿ ನೋಡುವರು. ಅವಳ ಬಳಿ ಲವಂಗದ ಎಣ್ಣೆಯ ಸಣ್ಣ ಬಾಟಲಿಯೊಂದಿತ್ತು. ಹತ್ತಿಯಲ್ಲಿ ಅದ್ದಿ ಕೊಟ್ಟು ಕಳಿಸುತ್ತಿದ್ದಳು. "ಸಲಹೆ ಕೊಟ್ವಲ್ಲ, ಬಿಡು" ಎನ್ನುತ್ತಿದ್ದಳು. ಅಂಗಡಿ ಹಾಕಬೇಕೆಂದವರಿಗೆ ಜಾಗ ನೋಡಿಕೊಟ್ಟೆವು, ಒಬ್ಬರಿಗೆ ಜಾಹೀರಾತು ಬರೆದುಕೊಟ್ಟೆವು, ಇನ್ನೊಬ್ಬರಿಗೆ ಗೋದಾಮು ಜೋಡಿಸಿಕೊಟ್ಟೆವು. ಯಾವುದರಲ್ಲೂ ನಾವು ಬೇರೆಯವರಿಗಿಂತ ಹೆಚ್ಚೇನೂ ಬಲ್ಲವರಾಗಿರಲಿಲ್ಲ. ಒಮ್ಮೆ ಬಂದವರು ಎರಡನೇ ಸಲ ಬರುತ್ತಿರಲಿಲ್ಲ.

ಹಾಗಿರುವಾಗ ಬೇಕರಿಯ ಅಣ್ಣತಮ್ಮಂದಿರು ಬಂದರು. ಎರಡನೆಯ ಅಂಗಡಿ ತೆರೆಯಬೇಕು, ಎಲ್ಲಿ ತೆರೆದರೆ ಒಳ್ಳೆಯದು ಎಂದು ಕೇಳಲು. ಅವತ್ತು ನಮ್ಮ ಕುರ್ಚಿಯೊಂದರ ಕಾಲು ಮುರಿದು ಬಿದ್ದಿತ್ತು. ಇನ್ನೊಂದರ ಮೇಲೆ ನಾನು ಕೂತಿದ್ದೆ. ಬೇರೆ ದಾರಿಯಿಲ್ಲದೆ ಅಣ್ಣತಮ್ಮಂದಿರು ಹಲ್ಲಿನ ಡಾಕ್ಟರ ಬೆಂಚಿನ ಮೇಲೆ ಒತ್ತಿಕೊಂಡು ಕೂತರು. ಇವಳು ಸ್ಟೂಲನ್ನು ಎಳೆದುಕೊಂಡು ಅವರ ಎದುರಿಗೆ ಕೂತಳು.

"ಹೊಸ ಅಂಗಡೀನ ಯಾರು ನೋಡ್ಕೋತೀರಿ?" ಎಂದು ಕೇಳಿದಳು.

ಅಣ್ಣ ಗೋಡೆ ನೋಡುತ್ತಾ, "ಇವನೇ ನೋಡ್ಕೊಳ್ಳಲಿ. ಇಲ್ಲಿ ಇವನು ಕಡಿದು ಕಟ್ಟೆ ಹಾಕೋದು ಏನಿದೆ?" ಅಂದ.

"ನಾನ್ ಮಾಡೋ ಕೆಲಸ ಇವನಿಗೇನ್ ಗೊತ್ತು?" ಎಂದು ಕಿಟಕಿಗೆ ಹೇಳಿದ ತಮ್ಮ.

ನಾನಾಗಿದ್ದರೆ ಇಬ್ಬರಿಗೂ ಸಮಾಧಾನ ಹೇಳುತ್ತಿದ್ದೆ. ಅವಳು ಹೇಳಲಿಲ್ಲ. ತಮ್ಮನ ಕಡೆ ತಿರುಗಿ, "ಅದಿರಲಿ. ಅಣ್ಣ ಏನ್ ಕೆಲಸ ಮಾಡ್ತಾರೆ, ಅದನ್ನ ನೀವ್ ಹೇಳಿ" ಎಂದಳು.

"ಏನ್ ಮಾಡ್ತಾನೆ, ಒಲೆ ಮುಂದೆ ನಿಂತ್ಕೋತಾನೆ."

"ನಿಂತ್ಕೊಂಡು?"

ಅವನು ಬಾಯಿ ತೆರೆದ, ಮುಚ್ಚಿದ. ನನಗೆ ಇಂಥ ಮೌನ ತಡೆಯಲು ಆಗುವುದಿಲ್ಲ. ಟೀ ತರಿಸಲೇ ಎಂದು ಕೇಳಹೊರಟೆ. ಅವಳು ತನ್ನ ಕಾಲಿನಿಂದ ನನ್ನ ಪಾದವನ್ನು ಅದುಮಿದಳು. ಎಷ್ಟೋ ಹೊತ್ತಾದ ಮೇಲೆ ತಗ್ಗಿದ ದನಿಯಲ್ಲಿ ತಮ್ಮ ಹೇಳಿದ.

"ಕೈ ಸುಟ್ಕೋತಾನೆ. ದಿನಾ ಒಂದಲ್ಲ ಒಂದು ಕಡೆ. ಮುಲಾಮು ಹಚ್ಕೊಳ್ಳಲ್ಲ. ಬ್ರೆಡ್ಡಿಗೆ ಅದರ ವಾಸನೆ ಹತ್ತುತ್ತೆ ಅಂತ."

ಅಣ್ಣ ಬೆಚ್ಚಿಬಿದ್ದವನಂತೆ ತಿರುಗಿದ. "ನಿಂಗ್ಯಾರು ಹೇಳಿದ್ರು?"

"ಯಾರ್ ಹೇಳ್ಬೇಕು? ಕಣ್ಣಿಲ್ವಾ ನಂಗೆ?"

ಅವರಿಗೆ ಎರಡನೆಯ ಅಂಗಡಿ ಬೇಕಿರಲಿಲ್ಲ. ಬೇರೆಯಾಗಬೇಕಿತ್ತು, ಹೇಳಿಕೊಳ್ಳಲು ಬಾಯಿ ಬಂದಿರಲಿಲ್ಲ. ಆಮೇಲೆ ಅಣ್ಣ ಒಲೆ ಇಟ್ಟುಕೊಂಡ, ತಮ್ಮ ಬೇರೆ ಬೀದಿಯಲ್ಲಿ ಅಂಗಡಿ ತೆರೆದ. ಬ್ರೆಡ್ಡನ್ನು ಇವತ್ತಿಗೂ ಅಣ್ಣನಿಂದಲೇ ತರಿಸುತ್ತಾನೆ. ಅವತ್ತು ಸಂಜೆ ಮೆಟ್ಟಿಲಿಳಿಯುವಾಗ ಅವಳು ಹೇಳಿದಳು, "ನಮ್ಮ ನಂಬರ್ ಸಿಕ್ತು ಕಣೇ. ನಿಮ್ಮ ಭಾವನಿಗೆ ಮಾತ್ರ ಹೇಳ್ಬೇಡ, ತಲೆ ಮೇಲೆ ಕೂರ್ತಾರೆ."

ಆದರೂ ಅಷ್ಟಕ್ಕೇ ನಾವು ಬುದ್ಧಿವಂತರಾಗಲಿಲ್ಲ. ಬೇಕರಿಯವರು ಹೇಳಿ ಕಳಿಸಿದ ಒಂದಿಷ್ಟು ಜನ ಬಂದ ಮೇಲೆ, ಕಚೇರಿ ಕಚೇರಿಯಂತೆ ಕಾಣಬೇಕೆಂದು ಗಾಜಿನ ಮೇಜು, ಮೆತ್ತೆ ಹಾಕಿದ ಕುರ್ಚಿ ತಂದೆವು. ಫೋಟೊ ಸ್ಟುಡಿಯೊ ನಡೆಸುತ್ತಿದ್ದ ಇಬ್ಬರು ಸ್ನೇಹಿತರನ್ನು ಎದುರುಬದುರಾಗಿ ಕೂರಿಸಿದೆವು. ಮೊದಲ ಪ್ರಶ್ನೆ ಮುಗಿಯುವ ಮೊದಲೇ ಒಬ್ಬ ಇನ್ನೊಬ್ಬನ ಮುಖಕ್ಕೆ ನೀರೆರಚಿದ. ಅವನು ಮೇಜನ್ನು ಗುದ್ದಿದ. ಗಾಜು ಅಡ್ಡಡ್ಡ ಸೀಳಿತು. ಅವರು ಬೈದಾಡುತ್ತಲೇ ಮೆಟ್ಟಿಲಿಳಿದು ಹೋದರು. ನಾನು ನೆಲ ಒರೆಸುತ್ತಿದ್ದೆ. ಅವಳು ಬೆಂಚಿನ ಮೇಲೆ ಕೂತು ಯೋಚಿಸುತ್ತಿದ್ದಳು.

"ಎದುರಿಗೆ ಕೂತ್ರೆ ಮುಖ ಕಾಣುತ್ತೆ. ಮುಖ ಕಂಡ್ರೆ ಹಳೇದೆಲ್ಲಾ ಉಕ್ಕಿ ಬರುತ್ತೆ. ಪಕ್ಕದಲ್ಲಿ ಕೂತ್ರೆ ಬರೀ ಭುಜ ತಗಲುತ್ತೆ. ಭುಜದ ಮೇಲೆ ಯಾರಿಗೇನು ಸಿಟ್ಟಿರುತ್ತೆ?"

ಕುರ್ಚಿಗಳನ್ನು ಭಾವ ತಮ್ಮ ಅಂಗಡಿಗೆ ಹೊತ್ತುಕೊಂಡು ಹೋದರು. ಬೆಂಚು ಮತ್ತೆ ಕೋಣೆಯ ನಡುವಿಗೆ ಬಂತು. ಅಲ್ಲಿಂದ ಮುಂದೆ ನಮ್ಮ ಪದ್ಧತಿ ಗಟ್ಟಿಯಾಯಿತು. ಮೊದಲ ದಿನ ಒಂದೇ ಪ್ರಶ್ನೆ: ನಿಮ್ಮ ಜೊತೆಗಾರರು ಬಾಗಿಲು ತೆರೆದಾಗಿನಿಂದ ಮುಚ್ಚುವವರೆಗೆ ಏನೇನು ಕೆಲಸ ಮಾಡುತ್ತಾರೆ, ಹೇಳಿ. ಒಬ್ಬರು ಹೇಳುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕಬಾರದು, ತಿದ್ದಬಾರದು. ಎರಡನೆಯ ಸಲ ಬಂದಾಗ ಎರಡನೆಯ ಪ್ರಶ್ನೆ: ಇವರು ಹೋದ ಮೇಲೆ ಇವರ ಕೆಲಸಗಳಲ್ಲಿ ಯಾವುದನ್ನು ನೀವು ಕಲಿಯುತ್ತೀರಿ, ಯಾವುದಕ್ಕೆ ಬೇರೆಯವರನ್ನು ಇಡುತ್ತೀರಿ, ಯಾವುದನ್ನು ಬಿಟ್ಟುಬಿಡುತ್ತೀರಿ? ಪಾಲು ಹಂಚುವ ಮಾತು ಅದಾದ ಮೇಲೆ, ಅದಕ್ಕೆ ಬೇರೆ ಜನ ಇದ್ದರು. ಮೊದಲ ಪ್ರಶ್ನೆಗೇ ಕೆಲವರು ಮನಸ್ಸು ಬದಲಿಸಿ, ಬಂದ ಹಾಗೆ ಜೊತೆಯಾಗಿಯೇ ವಾಪಸು ಹೋದದ್ದೂ ಉಂಟು.

ಅವಳು ಬೋರ್ಡು ಬದಲಿಸಿದಳು. "ಜೊತೆ ವ್ಯಾಪಾರ ಬಿಡುವವರಿಗೆ ಸಲಹೆ. ಇಬ್ಬರಿಗೆ ಮಾತ್ರ." ನನಗೆ ಹೆದರಿಕೆಯಾಯಿತು. ಎಲ್ಲವನ್ನೂ ಬಿಟ್ಟು ಇಷ್ಟೇ ಅಂದರೆ ಹೊಟ್ಟೆಗೇನು ಎಂದು ವಾದಿಸಿದೆ. ಆದದ್ದು ಉಲ್ಟಾ. ಯಾರ ಬಳಿ ಹೋಗಬೇಕೆಂದು ತಿಳಿಯದೆ ಒದ್ದಾಡುತ್ತಿದ್ದವರಿಗೆ ಹೋಗಲು ಒಂದು ಜಾಗ ಸಿಕ್ಕಿತು. ವಕೀಲರೊಬ್ಬರು, ಕೋರ್ಟಿಗೆ ಬರುವ ಮೊದಲು ಅಲ್ಲಿ ಹೋಗಿ ಕೂತು ಬನ್ನಿ ಎಂದು ಕಳಿಸತೊಡಗಿದರು. ಬೀಗ ರಿಪೇರಿಯವರು, ಔಷಧದ ಅಂಗಡಿಯವರು, ಡ್ರೈವಿಂಗ್ ಕಲಿಸುವವರು, ಪಕ್ಕದ ಊರುಗಳಿಂದಲೂ ಬಂದರು. ಕೆಳಗಿನ ಟೀ ಅಂಗಡಿಯವನು ಅವಳಿಗೆ ಕತ್ತರಿ ಮೇಡಂ ಎಂದು ಹೆಸರಿಟ್ಟ, ನನಗೆ ದಾರದ ಮೇಡಂ ಎಂದ. ಅವಳು ಅವನೊಂದಿಗೆ ಜಗಳಕ್ಕೇ ನಿಂತಳು. "ನಾನು ಕತ್ತರಿಸೋಳಲ್ಲಪ್ಪ, ಹೊಲಿಗೆ ಬಿಚ್ಚೋಳು. ಬಟ್ಟೆ ಹರಿದ್ರೆ ನನ್ನನ್ನ ಕೇಳು."

ಒಂದು ಸಲ ಟೈಲರಿಂಗ್ ಅಂಗಡಿಯ ಅತ್ತೆ ಸೊಸೆ ಬಂದರು. ಸೊಸೆಯ ಸರದಿ ಬಂದಾಗ ಅವಳು ಪಟಪಟನೆ, "ಬೆಳಗ್ಗೆ ಬಂದು ನಾನು ಹಾಕಿದ ಬಟನ್ ಎಲ್ಲಾ ಎಳೆದೆಳೆದು ನೋಡ್ತಾರೆ" ಅಂದಳು.

"ಬಿಗಿಯಾಗಿ ಹಾಕಿದ್ರೆ ಯಾಕ್ ಎಳೀತಿದ್ದೆ?" ಎಂದು ಅತ್ತೆ ನಡುವೆ ಬಾಯಿ ಹಾಕಿದಳು.

"ಅತ್ತೆಮ್ಮ, ತಿದ್ದಬಾರದು ಅಂತ ಹೇಳಿದ್ದೆ" ಎಂದಳು ನನ್ನ ಗೆಳತಿ ಸ್ಟೂಲಿನಿಂದ.

"ತಿದ್ದಲಿಲ್ಲಮ್ಮ, ಕೇಳ್ದೆ ಅಷ್ಟೇ."

ಸೊಸೆ ನಗು ತಡೆಯಲಾರದೆ ಅತ್ತೆಯ ತೋಳಿಗೆ ಮುಖ ಒತ್ತಿದಳು. ಕೊನೆಗೆ ಬೇರೆಯಾದರು, ಆದರೆ ನಗುನಗುತ್ತಲೇ ಆದರು.

ಐದು ಜನ ಪಾಲುದಾರರಿದ್ದ ದೊಡ್ಡ ಅಂಗಡಿಯವರು ಕರೆದಾಗ ನನಗೆ ಹೋಗುವ ಆಸೆಯಿತ್ತು. ಅವಳು ಒಪ್ಪಲಿಲ್ಲ. "ನಮ್ಮ ಬೆಂಚಲ್ಲಿ ಹಿಡಿಸೋದೇ ಇಬ್ರು. ಮೂರನೆಯವರು ಬಂದ್ರೆ ಅದು ಮೀಟಿಂಗ್."

ಕೆಲಸದಲ್ಲಿ ನಮ್ಮ ಪಾಲು ಹೀಗಿತ್ತು: ಸ್ಟೂಲು ಅವಳದು, ಉಳಿದದ್ದೆಲ್ಲ ನನ್ನದು. ನಾನು ಸ್ಟೂಲಿನ ಮೇಲೆ ಯಾವತ್ತೂ ಕೂರಲಿಲ್ಲ. ಪ್ರಶ್ನೆ ಕೇಳುವುದು ಯಾರಿಗೂ ಬಂದೀತು. ಕೇಳಿದ ಮೇಲೆ ಸುಮ್ಮನಿರುವುದು ಅವಳಿಗೆ ಮಾತ್ರ ಬರುತ್ತಿತ್ತು.

ಹೀಗಿರುವಾಗ ಅವಳ ಹೊಟ್ಟೆನೋವು ಶುರುವಾಯಿತು. ಗ್ಯಾಸ್ ಎಂದುಕೊಂಡು ದಿನ ತಳ್ಳಿದಳು. ಆಸ್ಪತ್ರೆಯಲ್ಲಿ ಅದು ಗ್ಯಾಸ್ ಅಲ್ಲ ಎಂದರು. ಇನ್ನು ಹೆಚ್ಚು ಕಾಲವಿಲ್ಲ ಎಂಬುದನ್ನು ಭಾವನಿಗೆ ಹೇಳಿದರು, ಭಾವ ನನಗೆ ಹೇಳಿದರು, ಅವಳಿಗೆ ಯಾರೂ ಹೇಳುವ ಮೊದಲೇ ಅವಳಿಗೆ ಗೊತ್ತಾಗಿತ್ತು. ನಮ್ಮಿಬ್ಬರ ಮುಖ ನೋಡಿಯೇ ತಿಳಿದುಕೊಂಡಳು. ಅವತ್ತೇ ಬೆಂಚಿನ ಮಾತು ತೆಗೆದಳು.

"ನಾವೇನ್ ಜಗಳ ಆಡಿದ್ದೀವಾ, ಅಲ್ಲಿ ಕೂರೋಕೆ?" ಎಂದು ಕೇಳಿದೆ.

"ಜಗಳ ಆಡಿದೋರೇ ಬರ್ಬೇಕು ಅಂತ ಬೋರ್ಡಲ್ಲಿ ಬರ್ಸಿದ್ದೀವಾ?"

"ನೀನು ಹುಷಾರಾಗು, ಆಮೇಲೆ ನೋಡೋಣ."

"ಹುಷಾರಾದ್ರೆ ನಿನ್ ಪಕ್ಕ ಯಾಕ್ ಕೂರ್ಲಿ, ಸ್ಟೂಲ್ ಮೇಲೆ ಕೂರ್ತೀನಿ." ಆಮೇಲೆ ದನಿ ಇಳಿಸಿ ಹೇಳಿದಳು, "ನಾನು ಹೋದ್ಮೇಲೆ ನೀನು ಬಾಗಿಲು ಹಾಕ್ಕೊಂಡು ಮನೇಲಿ ಕೂರ್ತೀಯ. ನಂಗೊತ್ತು. ನೀಟಾಗಿ ಬೇರೆ ಆದ್ರೆ ನೀನು ನಡೆಸ್ಕೊಂಡು ಹೋಗ್ತೀಯ. ಅರ್ಧಕ್ಕೆ ಬಿಟ್ಹೋದ್ರೆ ನಡೆಸಲ್ಲ. ಊರಿಗೆಲ್ಲಾ ಮಾಡಿಕೊಟ್ಟು, ನಮಗೇ ಮಾಡ್ಕೊಳ್ದೇ ಹೋಗ್ಲಾ?"

ನಾನು ಹಣ್ಣು ಹೆಚ್ಚುತ್ತಾ ಕೂತೆ. ಹೋದಾಗಲೆಲ್ಲ ಅದೇ ಮಾತು. ಅವಳು ಕೇಳುವಳು, ನಾನು ಹೆಚ್ಚುವೆ. ಆ ಬೆಂಚಿನ ಮೇಲೆ ಕೂತರೆ ಅವಳು ಹೋಗುವುದಕ್ಕೆ ನಾನು ಒಪ್ಪಿದಂತೆ. ಕೂರದಿದ್ದರೆ ಅವಳು ಹೋಗುವ ಹಾಗಿಲ್ಲ ಎಂದು ನನ್ನ ಲೆಕ್ಕ. ಕಾಯಿಲೆಗೆ ನನ್ನ ಲೆಕ್ಕ ಗೊತ್ತಿರಲಿಲ್ಲ. ಒಂದು ದಿನ ಹೋದಾಗ ಅವಳ ಕೈಬಳೆ ಮೊಣಕೈವರೆಗೆ ಜಾರುತ್ತಿತ್ತು. ಅವಳು ಅವತ್ತು ಏನೂ ಕೇಳಲಿಲ್ಲ. ಅವಳು ಕೇಳದೇ ಇದ್ದದ್ದೇ ನನಗೆ ಹೆದರಿಕೆ ಹುಟ್ಟಿಸಿತು. "ಯಾವಾಗ ಕೂರೋಣ?" ಎಂದು ನಾನೇ ಕೇಳಿದೆ.

ಮರುದಿನ ಮಧ್ಯಾಹ್ನ ಬಣ್ಣದ ಅಂಗಡಿಯವರು ಅವಳನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಹತ್ತಿಸಿದರು. "ನೋಡೇ, ಮೆರವಣಿಗೆ" ಎಂದು ತಿರುವಿನಲ್ಲಿ ನನ್ನ ಕಡೆ ಬಗ್ಗಿ ನಕ್ಕಳು. ಬೆಂಚಿನ ಮೇಲೆ ದಿಂಬು ಹಾಕಿ ಕೂರಿಸಿದೆವು. ನಾನು ಪಕ್ಕದಲ್ಲಿ ಕೂತೆ. ಎದುರಿಗೆ ಸ್ಟೂಲು ಖಾಲಿ.

"ಕೇಳೋರು ಯಾರು?" ಎಂದೆ.

ಅವಳು ಬಾಗಿಲಲ್ಲಿ ನಿಂತಿದ್ದ ಭಾವನನ್ನು ಕಣ್ಣಲ್ಲೇ ಕರೆದಳು. ಭಾವ ಸ್ಟೂಲಿನ ಮೇಲೆ ಕೂತು, ಕೈ ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲ ಮೇಲಿಟ್ಟುಕೊಂಡರು. ಪ್ರಶ್ನೆಗಳು ಅವರಿಗೆ ಬಾಯಿಪಾಠವಾಗಿದ್ದವು. ಊಟಕ್ಕೆ ಕೂತಾಗಲೆಲ್ಲ ಕೇಳಿದವೇ. ನನ್ನನ್ನು ನೋಡಿ, "ಇವಳು... ನಿಮ್ಮ ಜೊತೆಗಾರರು, ಬಾಗಿಲು ತೆರೆದಾಗಿನಿಂದ ಮುಚ್ಚೋವರೆಗೆ ಏನೇನ್ ಕೆಲಸ ಮಾಡ್ತಾರೆ?" ಎಂದರು.

ನಾನು ಹೇಳತೊಡಗಿದೆ. ಬಂದ ಕೂಡಲೇ ಬೀದಿಯ ಕಡೆಯ ಕಿಟಕಿ ಮುಚ್ಚಿ, ಹಿಂದಿನ ಕಿಟಕಿ ತೆರೆಯುತ್ತಾಳೆ. ಅಳುವವರಿಗೆ ಬೀದಿ ಕಾಣಬಾರದು. ಬೆಂಚನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣ ಬಟ್ಟೆಯಲ್ಲಿ ಒರೆಸುತ್ತಾಳೆ. ಯಾರು ಮೊದಲು ಮಾತಾಡಬೇಕೆಂದು ಕೇಳುವುದಿಲ್ಲ. ಕುಡಿಯುವ ನೀರಿಗೆ ಯಾರು ಮೊದಲು ಕೈ ಚಾಚುತ್ತಾರೋ ಅವರನ್ನು ಬಿಟ್ಟು ಇನ್ನೊಬ್ಬರನ್ನು ಕೇಳುತ್ತಾಳೆ. ಈಗಲೂ ಹಲ್ಲುನೋವಿನವರು ಬಂದರೆ ಲವಂಗದ ಎಣ್ಣೆ ಕೊಡುತ್ತಾಳೆ. ಜನ ಹೋದ ಮೇಲೆ ಸ್ವಲ್ಪ ಹೊತ್ತು ನನ್ನ ಜೊತೆಯೂ ಮಾತಾಡುವುದಿಲ್ಲ. ಸಂಜೆ ಬೀಗ ಹಾಕಿ ಕೆಳಗಿಳಿದ ಮೇಲೆ ಫ್ಯಾನ್ ಆರಿಸಿದೆನೋ ಇಲ್ಲವೋ ಎಂದು ಮತ್ತೆ ಮೇಲೆ ಹತ್ತಿ ಹೋಗುತ್ತಾಳೆ. ನಾನು ಕೆಳಗೆ ನಿಂತು ಆರಿಸಿದ್ದೀಯ ಬಾರೇ ಎಂದು ಕೂಗುತ್ತೇನೆ. ಆರಿಸಿಯೇ ಇರುತ್ತದೆ. ಆದರೂ ದಿನಾ ಹತ್ತುತ್ತಾಳೆ.

"ಮನೇಲೂ ಹಂಗೇ" ಅಂದರು ಭಾವ.

"ನಡುವೆ ಬಾಯಿ ಹಾಕಬಾರ್ದು" ಎಂದಳು ಅವಳು.

ಆಮೇಲೆ ಅವಳ ಸರದಿ. ಒಂದೊಂದು ವಾಕ್ಯಕ್ಕೂ ನಿಂತು ಉಸಿರೆಳೆದುಕೊಂಡಳು. "ಇವಳು ತಾನು ಬರೀ ಟೀ ತರಿಸೋಳು ಅಂದ್ಕೊಂಡಿದ್ದಾಳೆ. ಬಂದೋರು ಎದ್ದು ಹೋಗ್ವಾಗ ಅವರ ಜೊತೆ ಬೀದಿವರೆಗೂ ಇಳಿದು ಹೋಗ್ತಾಳೆ. ಅಲ್ಲಿ ಏನ್ ಮಾತಾಡ್ತಾಳೋ ಗೊತ್ತಿಲ್ಲ, ನಾನು ಕೇಳಿಲ್ಲ. ಆದ್ರೆ ಬೀದಿ ಕಡೆ ಕಿಟಕಿ ಒಂಚೂರು ಸರಿಸಿ ಮೇಲಿಂದ ನೋಡ್ತಿರ್ತೀನಿ. ಇಲ್ಲಿಂದ ಬೇರೆ ಬೇರೆ ಎದ್ದು ಹೋದೋರು, ಅಲ್ಲಿ ಒಟ್ಟಿಗೇ ನಿಂತು ಇವಳ ಮಾತು ಕೇಳ್ತಿರ್ತಾರೆ." ಆಮೇಲೆ ನನ್ನ ಕಡೆ ತಿರುಗದೆಯೇ, "ಅದನ್ನ ಸ್ಟೂಲಲ್ಲಿ ಕೂತೂ ಮಾಡ್ಬಹುದು ಕಣೇ" ಅಂದಳು.

ಅವಳ ಭುಜ ನನ್ನ ಭುಜಕ್ಕೆ ತಗಲಿತ್ತು. ಸೀರೆಯ ಒಳಗೆ ಮೂಳೆಯಷ್ಟೇ ಇತ್ತು.

ಎರಡನೆಯ ಪ್ರಶ್ನೆಯನ್ನು ಇನ್ನೊಂದು ದಿನ ಕೇಳುವುದು ಪದ್ಧತಿ. ಅವಳು ಇನ್ನೊಂದು ದಿನ ಮೆಟ್ಟಿಲು ಹತ್ತುವುದಿಲ್ಲವೆಂದು ಮೂವರಿಗೂ ಗೊತ್ತಿತ್ತು. ಭಾವ ಅದನ್ನೂ ಅವತ್ತೇ ಕೇಳಹೊರಟರು. "ಇವಳು ಹೋದ್ಮೇಲೆ, ಇವಳ ಕೆಲಸಗಳಲ್ಲಿ ಯಾವ್ದನ್ನ ನೀವು..." ಎಂದು ಶುರು ಮಾಡಿ ಅಲ್ಲಿಗೇ ನಿಂತರು. ಕನ್ನಡಕ ತೆಗೆದರು. ಅಂಗಿಯ ತುದಿಯಲ್ಲಿ ಒರೆಸತೊಡಗಿದರು. ಗಾಜು ಉಜ್ಜುವುದೇ ಕಸುಬಾದ ಮನುಷ್ಯನಿಗೆ ಆ ಎರಡು ಗಾಜು ಒರೆಸಿ ಮುಗಿಯಲೇ ಇಲ್ಲ.

"ಈ ಪ್ರಶ್ನೆ ನಂಗೂ ಕೇಳ್ಬೇಕಲ್ವಾ?" ಎಂದರು ಕೊನೆಗೆ, ತಲೆಯೆತ್ತದೆ.

ಅವಳು ತನ್ನ ಇನ್ನೊಂದು ಬದಿಯ ಬೆಂಚನ್ನು ಮೆಲ್ಲಗೆ ತಟ್ಟಿದಳು. ಭಾವ ಎದ್ದುಬಂದು ಅಲ್ಲಿ ಕೂತರು. ಜಾಗ ಸಾಲದೆ ಮೂವರೂ ಒತ್ತಿಕೊಂಡೆವು.

"ಆಯ್ತು ಬಿಡಿ" ಅಂದಳು. "ಇವತ್ತು ಮೀಟಿಂಗ್."

ಎದುರಿಗೆ ಯಾರೂ ಇರಲಿಲ್ಲ. ಕೆಳಗಿನಿಂದ ಬಣ್ಣ ಕಲೆಸುವ ಯಂತ್ರದ ಸದ್ದು ಬರುತ್ತಿತ್ತು. ಪ್ರಶ್ನೆಯನ್ನು ಯಾರೂ ಮುಗಿಸಲಿಲ್ಲ. ಅದಾಗಿ ಸ್ವಲ್ಪ ದಿನಕ್ಕೇ ಅವಳು ಹೋದಳು, ಮನೆಯಲ್ಲೇ, ನಿದ್ದೆಯಲ್ಲಿ.

ನಾನು ಬಾಗಿಲು ಹಾಕಿಕೊಂಡು ಮನೆಯಲ್ಲಿ ಕೂರಲಿಲ್ಲ. ಕೂರಬೇಕೆಂದು ಎಷ್ಟೋ ಸಲ ಅನ್ನಿಸಿದೆ. ಅವಳ ಮಾತು ಸುಳ್ಳಾಗಲಿ ಎಂಬ ಹಟಕ್ಕೆ ಬಂದು ಬೀಗ ತೆಗೆಯುತ್ತೇನೆ. ಸ್ಟೂಲಿನ ಮೇಲೆ ಕೂತು ಮೊದಲ ಪ್ರಶ್ನೆ ಕೇಳುತ್ತೇನೆ. ಸುಮ್ಮನಿರುವುದನ್ನು ಕಲಿಯುತ್ತಿದ್ದೇನೆ, ನನ್ನ ಪಾದವನ್ನು ನಾನೇ ಇನ್ನೊಂದು ಪಾದದಿಂದ ಅದುಮಿಕೊಳ್ಳುತ್ತೇನೆ. ಬೆಂಚು ಒರೆಸಲು, ಬಂದವರಿಗೆ ಟೀ ತರಲು ಒಬ್ಬರನ್ನು ಇಟ್ಟುಕೊಂಡಿದ್ದೇನೆ. ಕಲಿಯುವುದು, ಬೇರೆಯವರನ್ನು ಇಡುವುದು, ಇವೆರಡಕ್ಕೆ ಹೇಗೋ ಉತ್ತರ ಸಿಕ್ಕಿತು. ಮೂರನೆಯದಕ್ಕೆ, ಯಾವುದನ್ನು ಬಿಟ್ಟುಬಿಡುವುದು ಎಂಬುದಕ್ಕೆ, ಸಿಕ್ಕಿಲ್ಲ.

ಸಂಜೆ ಬೀಗ ಹಾಕಿ ಕೆಳಗಿಳಿಯುತ್ತೇನೆ. ಫ್ಯಾನ್ ಆರಿಸಿರುವುದು ನನಗೆ ಚೆನ್ನಾಗಿ ಗೊತ್ತಿರುತ್ತದೆ, ಮತ್ತೆ ಮೇಲೆ ಹತ್ತುವುದಿಲ್ಲ. ಆದರೆ ಹೊರಟುಬಿಡಲೂ ಆಗುವುದಿಲ್ಲ. ಬಣ್ಣದ ಅಂಗಡಿಯವರು ಬಾಗಿಲು ಎಳೆಯುವವರೆಗೂ ಮೆಟ್ಟಿಲ ಬುಡದಲ್ಲಿ ನಿಂತಿರುತ್ತೇನೆ, ಅವಳು ಇಳಿದು ಬರಲಿ ಎಂದು.